ಪಿಕಪ್ಪಿನ ಬೆನ್ನಿಗೊಂದು ಕೋಣೆ: ಬಿಗಿದು ಕಟ್ಟುವುದೋ, ಇಳಿಸುವಂತೆ ಕಟ್ಟುವುದೋ?

ಪಿಕಪ್ಪಿನ ಬೆನ್ನ ಮೇಲೆ ಕೂರುವ ವಾಸದ ಪೆಟ್ಟಿಗೆಗಳನ್ನು ನಾನು ಇದುವರೆಗೆ ಎರಡು ಕಟ್ಟಿದ್ದೇನೆ. ಮೊದಲನೆಯದು ಎರಡು ಮಳೆಗಾಲಕ್ಕೆ ಕೊಳೆಯಿತು. ಎರಡನೆಯದು ಆರನೆಯ ಮಳೆಗಾಲವನ್ನು ದಾಟುತ್ತಿದೆ. ಕೇರಳದ ಗಡಿಯಲ್ಲಿರುವ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ತೋಟದವರಲ್ಲೂ ಕುಂಬಳೆ, ಉಪ್ಪಳ, ಮಂಜೇಶ್ವರದಂಥ ಕಡಲಂಚಿನ ಊರಿನವರಲ್ಲೂ ಇಂಥದೊಂದನ್ನು ಸ್ವತಃ ಕಟ್ಟಿಕೊಳ್ಳಬೇಕೆಂಬ ಆಸೆಯಿರುವವರು ಆಗಾಗ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ಪರದೇಶದ ವಿಡಿಯೋಗಳನ್ನು ನೋಡಿ ಅಲ್ಲಿನ ಆಯ್ಕೆಗಳನ್ನೇ ಹಿಡಿದುಕೊಂಡು ಬರುತ್ತಾರೆ. ಅಲ್ಲಿಯವರನ್ನು ಕಾಡುವುದು ಹಿಮ ಮತ್ತು ಚಳಿ. ನಮ್ಮನ್ನು ಕಾಡುವುದು ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಸುರಿಯುವ ಮಳೆ, ಕಡಲಿನ ಉಪ್ಪುಗಾಳಿ, ಮತ್ತು ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಚಪ್ಪಲಿಗೂ ಬೂಷ್ಟು ಹಿಡಿಸುವ ತೇವ. ಆದ್ದರಿಂದ ಇಲ್ಲಿನ ಪ್ರತಿಯೊಂದು ಆಯ್ಕೆಯನ್ನೂ ನಾನು ಒಂದೇ ಕೋಲಿನಿಂದ ಅಳೆದಿದ್ದೇನೆ: ಸೋರಿದಾಗ, ತುಕ್ಕು ಹಿಡಿದಾಗ, ಸೀಳಿದಾಗ ಅದನ್ನು ನಮ್ಮೂರಿನ ಬಡಗಿಯೋ ವೆಲ್ಡರನೋ ಬಿಚ್ಚಿ ಸರಿಪಡಿಸಲು ಬರುತ್ತದೆಯೇ?

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಕಡೆ ಗ್ಯಾರೇಜಿನಲ್ಲಿ ‘ಕ್ಯಾಂಪರ್’ ಎಂದರೆ ಎರಡು ಸಾಲು ಸೀಟುಗಳಿರುವ ಬೊಲೆರೋ ಎಂದೇ ಅರ್ಥ. ಆ ಗೊಂದಲ ಬೇಡವೆಂದು ಇಲ್ಲಿ ‘ಪೆಟ್ಟಿಗೆ’ ಎಂದೇ ಬರೆಯುತ್ತೇನೆ.

ಹೊರುವ ವಾಹನ

ಟಾಟಾ ಏಸ್ ಸುಮಾರು ಮುಕ್ಕಾಲು ಟನ್ ಹೊರುತ್ತದೆ. ಒಬ್ಬರಿಗೆ ಅಥವಾ ಹೆಚ್ಚೆಂದರೆ ಇಬ್ಬರಿಗೆ, ಟರ್ಪಾಲಿನ ಮಾಡಿನ (ಚಾವಣಿಯ) ಹಗುರವಾದ ಗೂಡಿಗೆ ಅದು ಸಾಕು; ಆದರೆ ಎತ್ತರದ ಗಟ್ಟಿ ಪೆಟ್ಟಿಗೆಯನ್ನು ಅದರ ಮೇಲೆ ಕೂರಿಸಿ ಸಂಪಾಜೆ ಘಾಟಿ ಹತ್ತಿಸುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ, ಏಕೆಂದರೆ ವಾಹನ ಕಿರಿದಾದಷ್ಟೂ ಎತ್ತರದ ಭಾರ ತಿರುವಿನಲ್ಲಿ ಅದನ್ನು ಹೊರಕ್ಕೆ ಎಳೆಯುತ್ತದೆ. ಎರಡು ಸಾಲು ಸೀಟಿನ ಡಿ-ಮ್ಯಾಕ್ಸ್ ವಿ-ಕ್ರಾಸಿನಂಥ ವಾಹನದ ಓಟ ಹಿತವಾಗಿದೆ, ಮಣ್ಣುದಾರಿಗೂ ಅದು ಗಟ್ಟಿ, ಆದರೆ ಸಾಮಾನು ತುಂಬುವ ಅದರ ತೊಟ್ಟಿಯ ಉದ್ದ 5 ಅಡಿಯ ಆಸುಪಾಸು ಮಾತ್ರ; ಕಾಲು ಚಾಚಿ ಮಲಗಬೇಕಾದರೆ ಹಾಸಿಗೆ ಕ್ಯಾಬಿನ್ನಿನ ಮಾಡಿನ ಮೇಲಕ್ಕೆ ಚಾಚಲೇಬೇಕಾಗುತ್ತದೆ. ಆ ಚಾಚಿದ ಭಾಗ ಗೋಡೆಗೆ ಸೇರುವ ಮೂಲೆಯಲ್ಲಿಯೇ ಇಂಥ ಪೆಟ್ಟಿಗೆಗಳು ಮೊದಲು ಸೋರುವುದು. ಒಂದೂಕಾಲು ಟನ್ನಿನ ಮೇಲೆ ಹೊರುವ, ಒಂದೇ ಸಾಲು ಸೀಟಿನ ಬೊಲೆರೋ ಪಿಕಪ್ಪಿನಂಥ ವಾಹನವೇ ನಮ್ಮ ಕೆಲಸಕ್ಕೆ ಸರಿಯೆಂಬುದು ನನ್ನ ಅಭಿಪ್ರಾಯ. ಅದರ ತೊಟ್ಟಿಯಲ್ಲಿ ಆರಡಿ ಎತ್ತರದವರು ನೇರವಾಗಿ ಮಲಗಬಹುದು, ಬಿಡಿಭಾಗಗಳು ಎಲ್ಲಿ ಬೇಕಾದರೂ ಸಿಗುತ್ತವೆ, ಮತ್ತು ಅಡಕೆ ಕೊಯ್ಲಿನ ಕಾಲಕ್ಕೆ ಅದು ಮತ್ತೆ ತೋಟದ ವಾಹನವಾಗುತ್ತದೆ.

ಬಿಗಿದ ಬಾಡಿ, ಇಳಿಸುವ ಪೆಟ್ಟಿಗೆ

ಇಡೀ ನಿರ್ಧಾರದ ತಿರುಳು ಇಲ್ಲಿದೆ. ತೊಟ್ಟಿಯನ್ನು ಕಳಚಿ ಚಾಸಿಯ (ವಾಹನದ ಅಡಿಚೌಕಟ್ಟಿನ) ಮೇಲೆಯೇ ಕೋಣೆಯನ್ನು ಕಟ್ಟಿದರೆ ನೆಲ ಅರ್ಧ ಅಡಿಯಾದರೂ ಕೆಳಗಿಳಿಯುತ್ತದೆ, ಒಳಗೆ ನೆಟ್ಟಗೆ ನಿಲ್ಲಬಹುದು, ತೊಟ್ಟಿಯ ತೂಕವೂ ಕಡಿಮೆಯಾಗುತ್ತದೆ. ಸೌಕರ್ಯ ಒಂದನ್ನೇ ನೋಡುವವರು ಇದನ್ನೇ ಆರಿಸಬೇಕು. ಆದರೆ ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸಲು ಮಾಲಿಕನಿಗೆ ಅವಕಾಶವಿಲ್ಲ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದದ್ದು ಕೇರಳದಿಂದಲೇ ಹೋದ ಪ್ರಕರಣದಲ್ಲಿ, ಕೇರಳ ಹೈಕೋರ್ಟಿನ ತೀರ್ಪನ್ನು ರದ್ದುಪಡಿಸಿ. ಖಾಸಗಿ ಬಳಕೆಯ ಕ್ಯಾಂಪರ್ ವಾಹನ ಎಂಬ ನೋಂದಣಿ ವರ್ಗವೇನೋ ಇದೆ. ಮನೆಯಂಗಳದಲ್ಲಿ ಕಟ್ಟಿದ ಬಾಡಿಯನ್ನು ಆ ವರ್ಗಕ್ಕೆ ಸೇರಿಸುವುದು ಕಡತದ ದಾರಿ, ಅದಕ್ಕೆ ಕಟ್ಟುವ ಮೊದಲೇ ಆರ್‌ಟಿಒ ಕಚೇರಿಯ ಲಿಖಿತ ಒಪ್ಪಿಗೆ ಬೇಕು. ಕಟ್ಟಿ ಮುಗಿಸಿ ಕೇಳಲು ಹೋದವರು ಕಟರ್ ಹಿಡಿದು ಕತ್ತರಿಸಬೇಕಾದೀತು.

ಇಳಿಸುವ ಪೆಟ್ಟಿಗೆಯಲ್ಲಿ ವಾಹನ ಇದ್ದಂತೆಯೇ ಇರುತ್ತದೆ. ತೊಟ್ಟಿಗೆ ತೂತಿಲ್ಲ, ಚಾಸಿಗೆ ವೆಲ್ಡಿಂಗ್ ಇಲ್ಲ. ಪೆಟ್ಟಿಗೆಯು ಕಟ್ಟಿ ಬಿಗಿದ ಸಾಮಾನಿನ ಹಾಗೆ ಏರುತ್ತದೆ, ಇಳಿಯುತ್ತದೆ. ಆದರೂ ಎರಡು ಎಚ್ಚರಗಳು ಬೇಕು. ವಾಹನ ಓಡುವಾಗ ಪೆಟ್ಟಿಗೆಯೊಳಗೆ ಯಾರೂ, ಮಕ್ಕಳು ಕೂಡ, ಕೂರುವಂತಿಲ್ಲ. ಮತ್ತು ಎತ್ತರ, ಅಗಲ, ತೂಕ ಈ ಮೂರೂ ನೋಂದಣಿ ಪತ್ರದ ಮಿತಿಯೊಳಗೇ ಇರಬೇಕು. ಇದನ್ನೂ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೂ ಬರೆದು ತಿಳಿಸಿದರೆ ಮುಂದೆ ತಲೆನೋವು ಕಡಿಮೆ. ಸಾಮಾನು ಸಾಗಿಸುವ ವಾಹನವಾಗಿ ನೋಂದಣಿಯಾದ ಪಿಕಪ್ ತಲಪಾಡಿಯನ್ನೋ ಜಾಲ್ಸೂರನ್ನೋ ದಾಟುವಾಗ ಕೇಳುವ ಕಾಗದಪತ್ರಗಳೇ ಬೇರೆ ಎಂಬುದು ಗಡಿಯವರಾದ ನಮಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

ಇಳಿಸುವ ಪೆಟ್ಟಿಗೆಯ ನಿಜವಾದ ಕಷ್ಟ ಬಿಗಿಯುವುದರಲ್ಲಿದೆ. ತೊಟ್ಟಿಯ ಬದಿಯ ಹಗ್ಗದ ಕೊಕ್ಕೆಗಳು ಮೂಟೆಗಳಿಗೆ ಮಾಡಿದವು, ಗಾಳಿಗೆ ಎದುರು ನಿಲ್ಲುವ ಕೋಣೆಗಲ್ಲ. ತೊಟ್ಟಿಯ ಕೆಳಗಿನ ಅಡ್ಡ ಪಟ್ಟಿಗಳಿಗೆ ಯು-ಬೋಲ್ಟ್ ಹಾಕಿ, ಅಲ್ಲಿಂದ ಪೆಟ್ಟಿಗೆಯ ನಾಲ್ಕು ಮೂಲೆಗಳಿಗೆ ಟರ್ನ್‌ಬಕಲ್ (ತಿರುಗಿಸಿ ಬಿಗಿಸುವ ಕೊಂಡಿ) ಬಿಗಿಯುವುದು ನನಗೆ ಸರಿಕಂಡ ಕ್ರಮ. ಚಾಸಿಯ ಉದ್ದ ದಂಡೆಯ ಮೇಲಂಚಿಗಾಗಲಿ ಕೆಳಂಚಿಗಾಗಲಿ ತೂತು ಕೊರೆಯಬಾರದು. ಬಿರುಕು ಅಲ್ಲಿಂದಲೇ ಹೊರಡುತ್ತದೆ. ನನ್ನ ಮೊದಲ ಪ್ರವಾಸದಲ್ಲಿ ಘಾಟಿ ಇಳಿದು ಸುಳ್ಯದ ಬಳಿ ಚಹಾಕ್ಕೆ ನಿಲ್ಲಿಸಿದಾಗ ಎಡಗಡೆಯ ಹಿಂದಿನ ಟರ್ನ್‌ಬಕಲ್ ಬೆರಳಲ್ಲಿ ತಿರುಗುವಷ್ಟು ಸಡಿಲವಾಗಿತ್ತು. ಕುಲುಕಾಟಕ್ಕೆ ಅದು ತಾನಾಗಿಯೇ ಬಿಚ್ಚಿಕೊಳ್ಳುತ್ತ ಬಂದಿತ್ತು. ಅಂದಿನಿಂದ ನಾಲ್ಕಕ್ಕೂ ಲಾಕ್ ನಟ್ ಹಾಕಿ, ಮೇಲೆ ಬೈಂಡಿಂಗ್ ತಂತಿ ಸುತ್ತುತ್ತೇನೆ, ಮತ್ತು ಮೊದಲ ಹತ್ತು ಕಿಲೋಮೀಟರಿಗೆ ಒಮ್ಮೆ ಇಳಿದು ಕೈಯಾಡಿಸುತ್ತೇನೆ.

ಟ್ರೈಲರಿನ ಮಾತನ್ನೂ ಕೆಲವರು ಎತ್ತುತ್ತಾರೆ. ಅದು ಪ್ರತ್ಯೇಕ ನೋಂದಣಿಯ ವಾಹನ, ನಮ್ಮ ಒಳರಸ್ತೆಗಳಲ್ಲಿ ಹಿಂದಕ್ಕೆ ತೆಗೆಯುವುದೇ ಒಂದು ಶಿಕ್ಷೆ. ಅಲ್ಲಿಗೆ ಬಿಡೋಣ.

ಗೋಡೆಗೆ ಯಾವುದು

ಲೆಕ್ಕಕ್ಕೆ ಒಂದು ಪೆಟ್ಟಿಗೆಯನ್ನು ಇಟ್ಟುಕೊಳ್ಳೋಣ: ಉದ್ದ 2.4 ಮೀಟರ್, ಅಗಲ ಮತ್ತು ಎತ್ತರ 1.7 ಮೀಟರ್. ನೆಲ, ಮಾಡು, ನಾಲ್ಕು ಗೋಡೆ ಸೇರಿ ಸುಮಾರು 22 ಚದರ ಮೀಟರ್ ಆಗುತ್ತದೆ. ಇದನ್ನೆಲ್ಲ 12 ಮಿಲಿಮೀಟರ್ ಪ್ಲೈವುಡ್ಡಿನಿಂದ ಮುಚ್ಚಿದರೆ ಸುಮಾರು 160 ಕಿಲೋ, 1 ಮಿಲಿಮೀಟರ್ ಕಬ್ಬಿಣದ ಶೀಟಿನಿಂದಾದರೆ ಸುಮಾರು 170 ಕಿಲೋ, 1.2 ಮಿಲಿಮೀಟರ್ ಅಲ್ಯೂಮಿನಿಯಂ ಶೀಟಿನಿಂದಾದರೆ 70 ಕಿಲೋ. ಇದು ಬರೇ ಹೊದಿಕೆಯ ತೂಕ. ಒಳಗಿನ ಚೌಕಟ್ಟಿಗೆ 25 ಮಿಲಿಮೀಟರ್ ಕಬ್ಬಿಣದ ಸ್ಕ್ವೇರ್ ಪೈಪನ್ನು 1.6 ಮಿಲಿಮೀಟರ್ ದಪ್ಪದಲ್ಲಿ 50 ಮೀಟರ್ ಬಳಸಿದರೆ ಇನ್ನೂ 60 ಕಿಲೋ ಸೇರುತ್ತದೆ. ಹಾಸಿಗೆ, ಕಪಾಟು, ಬ್ಯಾಟರಿ, 60 ಲೀಟರ್ ನೀರು, ಪಾತ್ರೆ ಪಡಗ ಎಲ್ಲ ಸೇರುವಾಗ ಹಗುರವಾದ ಪೆಟ್ಟಿಗೆಯೂ 400 ಕಿಲೋ ಮುಟ್ಟುವುದರಲ್ಲಿ ಆಶ್ಚರ್ಯವಿಲ್ಲ.

ಪ್ಲೈವುಡ್ ನಮಗೆ ಹತ್ತಿರದ ವಸ್ತು. ಪಕ್ಕದ ಕಣ್ಣೂರಿನ ವಳಪಟ್ಟಣಂ ಪ್ಲೈವುಡ್ಡಿಗೆ ಹೆಸರಾದ ಊರು, ಮತ್ತು ಯಾವ ಬಡಗಿಯೂ ಅದರ ಕೆಲಸವನ್ನು ಮಾಡಿಕೊಡುತ್ತಾನೆ. ಆದರೆ ಹಲಗೆಯ ಮೇಲಿನ ಮುದ್ರೆಯನ್ನು ಓದದೆ ಕೊಂಡವರು ನನ್ನ ಹಾಗೆ ಪಾಠ ಕಲಿಯುತ್ತಾರೆ. ಮೊದಲ ಪೆಟ್ಟಿಗೆಗೆ ‘ವಾಟರ್‌ಪ್ರೂಫ್’ ಎಂಬ ಅಂಗಡಿಯವರ ಬಾಯಿಮಾತನ್ನು ನಂಬಿ ನಾನು ತಂದದ್ದು ಒಳಮನೆಯ ಕಪಾಟಿಗೆ ಆಗುವ ಎಂಆರ್ ದರ್ಜೆಯ ಹಲಗೆ. ಎರಡನೆಯ ಆಟಿಯಲ್ಲಿ ಹಾಸಿಗೆಯ ಕೆಳಗಿನ ಮೂಲೆಗೆ ಸ್ಕ್ರೂ ಡ್ರೈವರ್ ಒತ್ತಿ ನೋಡಿದೆ. ಅದು ತಡೆಯಿಲ್ಲದೆ ಹಿಡಿಯವರೆಗೆ ಇಳಿಯಿತು. ಎಳೆದಾಗ ಪದರಗಳು ನೆನೆದ ಹಪ್ಪಳದಂತೆ ಒಂದೊಂದಾಗಿ ಎದ್ದು ಬಂದವು, ಒಳಗಿನ ಪದರದ ಮೇಲೆ ಬಿಳಿಯ ಬೂಷ್ಟು ಬಲೆ ಹೆಣೆದಿತ್ತು. ಮರದಲ್ಲಿ ತೇವಾಂಶ ಸುಮಾರು 20 ಶೇಕಡಾ ಮೀರಿ ಉಳಿದರೆ ಕೊಳೆಸುವ ಶಿಲೀಂಧ್ರ ಕೆಲಸ ಆರಂಭಿಸುತ್ತದೆ, ಮತ್ತು ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಮ್ಮೆ ನೆನೆದ ಮರ ಒಣಗುವುದೇ ಇಲ್ಲ. ಪ್ಲೈವುಡ್ ಆರಿಸುವುದಾದರೆ ಐಎಸ್ 710 ಮುದ್ರೆಯ ಮರೈನ್ ಪ್ಲೈಯನ್ನೇ ಕೊಳ್ಳಬೇಕು. ಅದರ ಅಂಟು ಕುದಿನೀರಿನ ಪರೀಕ್ಷೆಗೂ ಬಿಡುವುದಿಲ್ಲ. ಆದರೆ ಅಂಟು ಉಳಿದ ಮಾತ್ರಕ್ಕೆ ಮರ ಉಳಿಯುತ್ತದೆಂದಿಲ್ಲ. ಕತ್ತರಿಸಿದ ಪ್ರತಿಯೊಂದು ಅಂಚಿಗೂ ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳವನ್ನು ಹೀರಿಸಬೇಕು, ಪ್ರತಿಯೊಂದು ತೂತನ್ನೂ ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಕೊರೆಯಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಕಬ್ಬಿಣದ ಶೀಟಿನ ಪರವಾಗಿ ಇರುವ ವಾದ ಒಂದೇ, ಅದೂ ಬಲವಾದದ್ದು: ವೆಲ್ಡಿಂಗ್ ಶಾಪ್ ಇಲ್ಲದ ಪೇಟೆಯಿಲ್ಲ. ಉಳಿದೆಲ್ಲ ಅದರ ವಿರುದ್ಧ. ಸತು ಲೇಪಿಸಿದ ಜಿಐ ಪೈಪಿಗೆ ತುಕ್ಕು ಬರುವುದಿಲ್ಲವೆಂದು ನಂಬುವವರು, ವೆಲ್ಡ್ ಮಾಡಿದ ಜಾಗದಲ್ಲಿ ಸತು ಸುಟ್ಟುಹೋಗಿರುತ್ತದೆ ಎಂಬುದನ್ನು ಮರೆಯುತ್ತಾರೆ. ಆ ಜಾಗಕ್ಕೆ ಸತುವಿನ ಪ್ರೈಮರ್ ಬಳಿಯದಿದ್ದರೆ ಉಪ್ಪಳದ ಗಾಳಿಗೆ ವರ್ಷದೊಳಗೆ ಕೆಂಪು ಕಣ್ಣೀರು ಇಳಿಯುತ್ತದೆ. ಸತು ಸುಡುವ ಬಿಳಿ ಹೊಗೆಯನ್ನು ಉಸಿರಾಡಿದರೆ ರಾತ್ರಿ ಜ್ವರ ಬಂದಂತಾಗುವುದೂ ಉಂಟು, ಆದ್ದರಿಂದ ಆ ಕೆಲಸವನ್ನು ಮುಚ್ಚಿದ ಶೆಡ್ಡಿನಲ್ಲಿ ಮಾಡಬಾರದು.

ಅಲ್ಯೂಮಿನಿಯಂ ಸೆಕ್ಷನ್ನಿನ ಚೌಕಟ್ಟಿಗೆ ಅಲ್ಯೂಮಿನಿಯಂ ಶೀಟು ರಿವೆಟ್ ಮಾಡುವುದು ನನ್ನ ಎರಡನೆಯ ಪೆಟ್ಟಿಗೆಯ ಕ್ರಮ. ಕಿಟಕಿ ಬಾಗಿಲಿನ ಅಲ್ಯೂಮಿನಿಯಂ ಕೆಲಸದವರು ಈಗ ಎಲ್ಲ ಕಡೆ ಇರುವುದರಿಂದ ಕತ್ತರಿಸಿ ಜೋಡಿಸುವುದು ಕಷ್ಟವಲ್ಲ, ಮತ್ತು ಒಂದು ತುಂಡು ಹಾಳಾದರೆ ರಿವೆಟ್‌ಗಳ ತಲೆ ಕೊರೆದು ಆ ತುಂಡನ್ನಷ್ಟೇ ತೆಗೆಯಬಹುದು. ಆದರೆ ಅಲ್ಯೂಮಿನಿಯಂ ನೇರವಾಗಿ ಕಬ್ಬಿಣಕ್ಕೆ ತಾಗಿ ನಡುವೆ ಉಪ್ಪುನೀರು ಸೇರಿದರೆ ಬೇಗನೆ ತಿಂದುಹೋಗುವುದು ಅಲ್ಯೂಮಿನಿಯಮ್ಮೇ. ತೊಟ್ಟಿಯ ಮೇಲೆ ಕೂರುವ ಕಡೆಗೆಲ್ಲ ರಬ್ಬರ್ ಹಾಳೆ, ಬೋಲ್ಟಿಗೆ ನೈಲಾನ್ ವಾಷರ್ ಬೇಕು. ನಮ್ಮ ಅಡಕೆ ಸೀಮೆಗೇ ಸೇರಿದ ಇನ್ನೊಂದು ಶತ್ರು ಮೈಲುತುತ್ತು (ತಾಮ್ರದ ಸಲ್ಫೇಟು). ಕೊಳೆರೋಗಕ್ಕೆ ಮದ್ದು ಬಿಡುವ ಕಾಲದಲ್ಲಿ ಇದೇ ಪಿಕಪ್ಪಿನಲ್ಲಿ ಮೈಲುತುತ್ತಿನ ಚೀಲಗಳೂ ಅದರಿಂದ ಮಾಡಿದ ಬೋರ್ಡೋ ದ್ರಾವಣದ ಡ್ರಮ್ಮುಗಳೂ ಓಡಾಡುತ್ತವೆ. ತೊಟ್ಟಿಯಲ್ಲಿ ಉಳಿದ ಆ ನೀಲಿ ಪುಡಿ ತೇವದಲ್ಲಿ ಕರಗಿ ಅಲ್ಯೂಮಿನಿಯಮ್ಮಿಗೆ ತಾಗಿದರೆ ಅದರ ತಾಮ್ರ ಅಲ್ಲಿಯೇ ಕೂತು ಲೋಹವನ್ನು ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ. ನನ್ನ ಪೆಟ್ಟಿಗೆಯ ತಳದ ಪಟ್ಟಿಯಲ್ಲಿ ಸಾಸಿವೆ ಗಾತ್ರದ ಹನ್ನೊಂದು ತೂತುಗಳನ್ನು ಎಣಿಸಿದ್ದೇನೆ; ಮದ್ದಿನ ಋತು ಮುಗಿದ ಮೇಲೆ ತೊಟ್ಟಿಯನ್ನು ತೊಳೆಯದೆ ಪೆಟ್ಟಿಗೆ ಏರಿಸಿದ ಒಂದೇ ಸಲದ ಸೋಮಾರಿತನಕ್ಕೆ ಅದು ದಂಡ.

ಮಳಿಗೆಗಳ ಮುಖಕ್ಕೆ ಅಂಟಿಸುವ ಎಸಿಪಿ (ಅಲ್ಯೂಮಿನಿಯಂ ಕಾಂಪೊಸಿಟ್ ಪ್ಯಾನೆಲ್) ಹಾಳೆ ಅಗ್ಗ, ನೋಡಲು ನುಣುಪು. ಆದರೆ ಸಾಮಾನ್ಯ ಎಸಿಪಿಯ ಒಳಪದರ ಉರಿಯುವ ಪ್ಲಾಸ್ಟಿಕ್. ಒಲೆಯಿರುವ, ಜನ ಮಲಗುವ ಗೂಡಿಗೆ ಅದು ಸಲ್ಲದು.

ಇನ್ನು ಮೀನಿನ ಗಾಡಿಯ ಪೆಟ್ಟಿಗೆಗಳಿಗೆ ಬಳಸುವ ಪಫ್ ಪ್ಯಾನೆಲ್. ನಡುವೆ 50 ಮಿಲಿಮೀಟರ್ ನೊರೆ, ಎರಡೂ ಕಡೆ ತೆಳುವಾದ ಶೀಟು ಅಥವಾ ಫೈಬರ್. ಮೇ ತಿಂಗಳ ಬಿಸಿಲನ್ನು ತಡೆಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ: ಅಷ್ಟೇ ದಪ್ಪದ ಥರ್ಮೊಕೋಲಿನ ಒಂದೂವರೆ ಪಟ್ಟು, ಪ್ಲೈವುಡ್ಡಿನ ಐದಾರು ಪಟ್ಟು ಶಾಖವನ್ನು ತಡೆಯುತ್ತದೆ. ಎರಡೂ ಕಡೆ ಅರ್ಧ ಮಿಲಿಮೀಟರ್ ಕಬ್ಬಿಣದ ಶೀಟು ಇದ್ದರೆ ನಮ್ಮ ಲೆಕ್ಕದ ಪೆಟ್ಟಿಗೆ 220 ಕಿಲೋ ತೂಗುತ್ತದೆ, ಆದರೆ ಒಳಗೆ ಬೇರೆ ಚೌಕಟ್ಟು ಹೆಚ್ಚು ಬೇಡ. ಇದರ ದೋಷ ದುರಸ್ತಿಯಲ್ಲಿದೆ. ಹೊರಪದರ ಒಡೆದು ನೀರು ಒಳಸೇರಿದರೆ ಪದರ ನೊರೆಯಿಂದ ಬಿಡುತ್ತದೆ, ಗೋಡೆಯನ್ನು ಬೆರಳಿನಿಂದ ತಟ್ಟಿದರೆ ಹಲಸಿನ ಹಣ್ಣು ತಟ್ಟಿದಂತೆ ಸದ್ದು ಬದಲಾಗುವುದೇ ಅದರ ಸುಳಿವು. ಆಗ ಇಡೀ ಪ್ಯಾನೆಲ್ ಬದಲಾಯಿಸುವುದು ಬಿಟ್ಟು ಉಪಾಯವಿಲ್ಲ. ವರ್ಷದ ಹೆಚ್ಚಿನ ದಿನ ಪೆಟ್ಟಿಗೆಯಲ್ಲಿಯೇ ಇರುವವರು ಇದನ್ನು ಆರಿಸಲಿ, ನನ್ನಂತೆ ವರ್ಷಕ್ಕೆ ಇಪ್ಪತ್ತು ದಿನ ಹೋಗುವವರಿಗೆ ಅಲ್ಯೂಮಿನಿಯಂ ಹೊರಮೈ, ಒಳಗೆ ಥರ್ಮೊಕೋಲ್, ಅದರ ಮೇಲೆ ತೆಳುವಾದ ಪ್ಲೈ ಸಾಕು. ಒಳಗಿನ ಪ್ಲೈಯನ್ನು ಅಂಟಿಸದೆ ಸ್ಕ್ರೂ ಹಾಕಿಯೇ ನಿಲ್ಲಿಸಬೇಕು, ಏಕೆಂದರೆ ಸೋರಿಕೆ ಹುಡುಕುವಾಗ ಅದನ್ನು ಬಿಚ್ಚಲೇಬೇಕಾಗುತ್ತದೆ.

ಸೋರಿಕೆ

ಯಾವ ಪೆಟ್ಟಿಗೆಯೂ ಒಂದು ದಿನ ಸೋರುತ್ತದೆ. ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದರ ಮದ್ದು ಗೊತ್ತಿರಬೇಕು: ಮೇಲಿನ ಹೆಂಚು ಕೆಳಗಿನದರ ಮೇಲೆ ಕೂರುತ್ತದೆ, ಅಂಟಿಗೆ ಕೆಲಸವೇ ಇಲ್ಲ. ಪೆಟ್ಟಿಗೆಯಲ್ಲಿಯೂ ಮಾಡಿನ ಶೀಟು ಗೋಡೆಯ ಶೀಟಿನ ಮೇಲೆ ಬಾಗಿ ಇಳಿಯಬೇಕು, ಮಾಡಿಗೆ ಹಿಂದಕ್ಕೆ ಎರಡು ಮೂರು ಇಂಚು ಇಳಿಜಾರು ಬೇಕು. ಸಮತಟ್ಟಾದ ಮಾಡು ಕಟ್ಟಿ ಸಂದು ಮುಚ್ಚುವ ಸೀಲೆಂಟನ್ನು ನಂಬುವವರು ಪ್ರತಿ ಜೂನ್‌ನಲ್ಲಿ ಏಣಿ ಹತ್ತುತ್ತಾರೆ.

ಸೀಲೆಂಟುಗಳಲ್ಲಿ ಸಿಲಿಕಾನ್ ಅಗ್ಗ, ಎಲ್ಲ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತದೆ. ಆದರೆ ವಿನೆಗರಿನಂತೆ ಹುಳಿವಾಸನೆ ಬರುವ ಬಗೆ ಲೋಹವನ್ನು ತಿನ್ನುತ್ತದೆ, ಯಾವ ಬಗೆಯ ಸಿಲಿಕಾನಿನ ಮೇಲೂ ಬಣ್ಣ ನಿಲ್ಲುವುದಿಲ್ಲ, ಹಳೆಯ ಸಿಲಿಕಾನಿನ ಮೇಲೆ ಹೊಸದು ಸರಿಯಾಗಿ ಹಿಡಿಯುವುದೂ ಇಲ್ಲ. ಮೊದಲ ಸಲ ಅದನ್ನು ಮೆತ್ತಿದರೆ ಮುಂದಿನ ಎಲ್ಲ ದುರಸ್ತಿಗಳಿಗೂ ಅದನ್ನು ಕೆರೆದು ತೆಗೆಯುವ ಕೂಲಿ ತೆರಬೇಕು. ಪಿಯು (ಪಾಲಿಯುರಿಥೇನ್) ಸೀಲೆಂಟ್ ಲೋಹಕ್ಕೂ ಮರಕ್ಕೂ ಹಿಡಿಯುತ್ತದೆ, ಕುಲುಕಾಟಕ್ಕೆ ಹಿಗ್ಗುತ್ತದೆ, ಬಣ್ಣವನ್ನೂ ತಾಳುತ್ತದೆ. ಜೋಡಣೆಗಳಿಗೆ ನಾನು ಅದನ್ನೇ ಬಳಸುತ್ತೇನೆ. ಕಿಟಕಿ, ಗಾಳಿಗೂಡಿನ ಚೌಕಟ್ಟಿನಂಥ ಮುಂದೆ ಬಿಚ್ಚಬೇಕಾಗಬಹುದಾದ ಭಾಗಗಳ ಅಡಿಗೆ ಬ್ಯುಟೈಲ್ ಟೇಪು ಮೇಲು, ಏಕೆಂದರೆ ಅದು ಗಟ್ಟಿಯಾಗದೆ ಚೂಯಿಂಗ್ ಗಮ್ಮಿನಂತೆ ಮೆತ್ತಗೆ ಉಳಿಯುತ್ತದೆ.

ಒಳಗೆ ನೀರು ತೊಟ್ಟಿಕ್ಕುವ ಜಾಗದ ಮೇಲೆಯೇ ತೂತಿರುವುದು ಅಪರೂಪ. ನೀರು ಚೌಕಟ್ಟಿನ ಪೈಪಿನ ಮೇಲೆ ಹರಿದು ಎರಡಡಿ ಆಚೆ ಬೀಳುತ್ತದೆ. ಹುಡುಕುವವರು ನಲ್ಲಿಯ ಪೈಪಿನ ನೀರನ್ನು ಮೊದಲು ಗೋಡೆಯ ಬುಡಕ್ಕೆ, ಹತ್ತು ನಿಮಿಷ ಕಾದು ಸ್ವಲ್ಪ ಮೇಲಕ್ಕೆ, ಹೀಗೆ ಕೆಳಗಿನಿಂದ ಏರುತ್ತ ಹೋಗಬೇಕು. ಮೇಲಿನಿಂದ ಸುರಿದರೆ ಎಲ್ಲವೂ ಒಟ್ಟಿಗೇ ನೆನೆದು ಏನೂ ತಿಳಿಯುವುದಿಲ್ಲ. ಇದಕ್ಕಿಂತ ಚುರುಕಾದ ಉಪಾಯವನ್ನು ತೋಟವೇ ಕಲಿಸಿತು. ತರಗೆಲೆ ಗುಡಿಸುವ ಬ್ಲೋವರನ್ನು ಕಿಟಕಿಯ ಸಂದಿಗೆ ಇಟ್ಟು, ಸುತ್ತ ಬಟ್ಟೆ ತುರುಕಿ, ಉಳಿದೆಲ್ಲವನ್ನೂ ಮುಚ್ಚಿ ಗಾಳಿ ಊದಿದಾಗ ಹೊರಗಿನಿಂದ ಸಾಬೂನು ನೀರು ಬಳಿಯುತ್ತ ಹೋದರೆ, ತೂತಿರುವಲ್ಲಿ ಗುಳ್ಳೆ ಏಳುತ್ತದೆ. ಮಾಡಿನ ಗಾಳಿಗೂಡಿನ ಹಿಂದಿನ ಎರಡನೆಯ ರಿವೆಟ್ಟಿನಲ್ಲಿ ಎದ್ದ ಕಡಲೆ ಗಾತ್ರದ ಒಂದು ಗುಳ್ಳೆಯನ್ನು ನೋಡಲು ನಾನು ಮೂರು ವಾರ ಅಲೆದಿದ್ದೆ.

ಪ್ಲೈ ಕೊಳೆತಿದ್ದರೆ ಮೇಲೆ ಬಣ್ಣ ಬಳಿದು ಮುಚ್ಚುವುದು ವ್ಯರ್ಥ. ಚುಚ್ಚಿದರೆ ಗಟ್ಟಿ ಸದ್ದು ಬರುವ ಮರದವರೆಗೆ, ಅಲ್ಲಿಂದಲೂ ನಾಲ್ಕು ಇಂಚು ಆಚೆ ಕತ್ತರಿಸಿ, ಹಿಂದೆ ಆನಿಕೆಯ ಪಟ್ಟಿ ಕೊಟ್ಟು ಹೊಸ ತುಂಡನ್ನು ಎಪಾಕ್ಸಿಯಲ್ಲಿ ಕೂರಿಸಬೇಕು. ಈ ಕೆಲಸಕ್ಕೆ ಫೆಬ್ರುವರಿ, ಮಾರ್ಚ್ ಒಳ್ಳೆಯದು. ಮಳೆಗಾಲದಲ್ಲಿ ಮಾಡಿದರೆ ತೇವವನ್ನು ಒಳಗೇ ಮುಚ್ಚಿದಂತಾಗುತ್ತದೆ.

ಬೆಳಕು, ಒಲೆ

ಮನೆಯ ಇನ್ವರ್ಟರಿನ 150 ಆಂಪಿಯರ್ ಅವರ್ ಟ್ಯೂಬುಲರ್ ಬ್ಯಾಟರಿಯನ್ನೇ ಹೊತ್ತು ತರುವ ಯೋಚನೆ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಅದು 50 ಕಿಲೋಕ್ಕೂ ಹೆಚ್ಚು ಭಾರ, ಬಾಳಿಕೆ ಬೇಕಾದರೆ ಅರ್ಧದಷ್ಟನ್ನೇ ಬಳಸಬೇಕು, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಘಾಟಿಯಲ್ಲಿ ಆಸಿಡ್ ಚೆಲ್ಲುತ್ತದೆ. ಮಲಗುವ ಕೋಣೆಯಲ್ಲಿ ಅದು ಬೇಡ. 100 ಆಂಪಿಯರ್ ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 12 ಕಿಲೋದ ಆಸುಪಾಸು, 1280 ವಾಟ್ ಅವರ್ ಹಿಡಿಯುತ್ತದೆ. 25 ವಾಟಿನ ಫ್ಯಾನು ಎಂಟು ಗಂಟೆಗೆ 200 ವಾಟ್ ಅವರ್ ತಿನ್ನುವುದರಿಂದ ಮೂರು ರಾತ್ರಿಗೆ ಧಾರಾಳ. ಯಾವುದಾದರೂ ಸರಿ, ಬ್ಯಾಟರಿಯ ಪಾಸಿಟಿವ್ ಕೊನೆಗೆ ಅಂಟಿದಂತೆಯೇ ಫ್ಯೂಸ್ ಇರಬೇಕು. ಅಡುಗೆಗೆ 5 ಕಿಲೋದ ಸಿಲಿಂಡರ್ ಸಾಕು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದಲ್ಲಿ ತಂಗುತ್ತದೆ; ಸಿಲಿಂಡರಿನ ಗೂಡಿಗೆ ಒಳಗಿನಿಂದ ಸಂದಿಯಿಲ್ಲದೆ, ತಳದಲ್ಲಿ ಹೊರಕ್ಕೆ ತೂತಿರಬೇಕು. ಮಳೆಯಿಲ್ಲದಿದ್ದರೆ ನಾನು ಒಲೆಯನ್ನು ಹೊರಗೇ ಇಡುತ್ತೇನೆ.

ತೂಕ ಮತ್ತು ಇಳಿಸಿಡುವ ಜಾಗ

ಎಲ್ಲ ಕಟ್ಟಿ, ನೀರು ತುಂಬಿಸಿ, ಪಯಣಿಗರನ್ನು ಕೂರಿಸಿ ಒಮ್ಮೆ ವೇ ಬ್ರಿಡ್ಜಿಗೆ ಒಯ್ಯಬೇಕು. ಇಡೀ ವಾಹನದ ತೂಕ ನೋಡಿದ ಮೇಲೆ ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ಇನ್ನೊಮ್ಮೆ ನೋಡಿದರೆ, ಹಿಂದಿನ ಆಕ್ಸಲಿನ ಮೇಲೆ ಬೀಳುವ ಭಾರ ತಿಳಿಯುತ್ತದೆ. ಬ್ಯಾಟರಿ, ನೀರಿನ ಟ್ಯಾಂಕುಗಳನ್ನು ಹಿಂದಿನ ಆಕ್ಸಲಿಗಿಂತ ಮುಂದೆ, ನೆಲಮಟ್ಟದಲ್ಲಿಯೇ ಇಡಬೇಕು. ನನ್ನ ವಾಹನದ ಒಟ್ಟು ಎತ್ತರ 2.6 ಮೀಟರ್, ರೈಲು ಹಳಿಯ ಅಡಿಯ ತಗ್ಗಿನ ದಾರಿಗಳ ಮುಂದೆ ಈ ಸಂಖ್ಯೆ ನೆನಪಾಗಲೆಂದು ಸ್ಟಿಯರಿಂಗಿನ ಎದುರು ಬಣ್ಣದಲ್ಲಿ ಬರೆದಿಟ್ಟಿದ್ದೇನೆ.

ಪೆಟ್ಟಿಗೆಯನ್ನು ಇಳಿಸಲು ಅಡಕೆ ಶೆಡ್ಡಿನ ತೊಲೆಗೆ ನೇತುಹಾಕಿದ ಚೈನ್ ಬ್ಲಾಕ್ ಸಾಕೆಂದುಕೊಂಡಿದ್ದೆ. ತೊಲೆ ಬಾಗಿದ್ದನ್ನು ಕಂಡು ಬಿಟ್ಟೆ. ಈಗ ನಾಲ್ಕು ಮೂಲೆಗಳಿಗೆ ಪಿನ್ ಹಾಕಿ ನಿಲ್ಲಿಸುವ ಕಬ್ಬಿಣದ ಕಾಲುಗಳಿವೆ. ಬಾಟಲ್ ಜ್ಯಾಕಿನಿಂದ ಒಂದೊಂದು ಮೂಲೆಯನ್ನು ಎರಡೆರಡು ಇಂಚಿನಂತೆ ಎತ್ತುತ್ತ, ಕಾಲು ಉದ್ದ ಮಾಡುತ್ತ ಹೋದರೆ ಇಬ್ಬರಿಗೆ ಮುಕ್ಕಾಲು ಗಂಟೆಯ ಕೆಲಸ. ಆಮೇಲೆ ಪಿಕಪ್ಪನ್ನು ಮೆಲ್ಲನೆ ಮುಂದಕ್ಕೆ ಒಯ್ಯಬಹುದು. ಕಾಲುಗಳನ್ನು ಮಣ್ಣಿನ ಮೇಲಾಗಲಿ ಗೋಡೆಗೆ ತಾಗಿಸಿಯಾಗಲಿ ನಿಲ್ಲಿಸಬಾರದು. ಕೆಂಪುಕಲ್ಲಿನ ಮೇಲೆ ನಿಲ್ಲಿಸಿ, ಸುತ್ತ ಒಂದು ಮೊಳ ಖಾಲಿ ಬಿಟ್ಟರೆ ಗೆದ್ದಲು ಹತ್ತುವ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ, ಕಂಡೊಡನೆ ಕೆರೆಯಬಹುದು. ಆಟಿಯಲ್ಲಿ ಪೆಟ್ಟಿಗೆಯ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದೇ ಇಡುತ್ತೇನೆ, ಹಾಸಿಗೆಯನ್ನು ಮನೆಯ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತೇನೆ, ವಾರಕ್ಕೊಮ್ಮೆ ಒಳಗೆ ಹೋಗಿ ಮೂಲೆಗಳನ್ನು ಮೂಸಿ ನೋಡುತ್ತೇನೆ.